ನಾಯಿಗೆ ಪಾರ್ಸಲ್

‘ಇಲ್ಲಿ ಪಾರ್ಸಲ್ ಕೊಡುವುದಿಲ್ಲ. ಒಳಗೆ ಕೂತು ಊಟ ಮಾಡಿ.’

ಊಟ ಕಟ್ಟಿಕೊಡುವುದಿಲ್ಲವೆಂದು ಬೋರ್ಡು ಬರೆಸಿದ ಹೋಟೆಲನ್ನು ನಾನು ನೋಡಿದ್ದು ಅದೊಂದೇ. ಕೆಂಪು ಬಣ್ಣ ಇನ್ನೂ ಹಸಿಯಾಗಿತ್ತು. ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ದಾರಿಯಲ್ಲಿ, ತೆಂಗಿನ ತೋಟಗಳ ನಡುವಿನ ಒಂದು ಸಣ್ಣ ಪಟ್ಟಣ. ಹೆಸರು ಬರೆಯುವುದಿಲ್ಲ, ಯಾಕೆಂದು ಮುಂದೆ ತಿಳಿಯುತ್ತದೆ. ಅಲ್ಲಿ ಇಳಿಯುವ ಯೋಚನೆ ನನಗಿರಲಿಲ್ಲ. ಬಸ್ಸಿನ ಹಿಂದಿನ ಚಕ್ರ ಪಂಕ್ಚರ್ ಆಗಿತ್ತು, ಸ್ಟೆಪ್ನಿಯಲ್ಲಿ ಗಾಳಿ ಇರಲಿಲ್ಲ.

“ಹೊಳಲ್ಕೆರೆಯಿಂದ ಮೆಕ್ಯಾನಿಕ್ ಬರ್ಬೇಕು ಮೇಡಂ,” ಎಂದ ಕಂಡಕ್ಟರ್. “ಆ ಹೋಟ್ಲಾಗೆ ಮುದ್ದೆ ಚೆನ್ನಾಗಿರ್ತೈತೆ. ಪಾರ್ಸಲ್ ತಂದು ಸೀಟಲ್ಲೇ ಕುಂತು ತಿನ್ರಿ.” ಅವನು ಬೋರ್ಡು ನೋಡಿರಲಿಲ್ಲ.

ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಬೇರೆಯವರ ವರದಿ ತಿದ್ದುತ್ತಲೇ ಸರ್ವೀಸು ಮುಗಿಸಿದವಳು ನಾನು. ಈಗ ಭಾನುವಾರದ ಪುರವಣಿಗೆ ಪ್ರವಾಸ ಲೇಖನ ಬರೆಯುತ್ತೇನೆ. ಎಲ್ಲಿಗೆ ಹೋಗಬೇಕು, ಏನು ನೋಡಬೇಕು, ಏನು ತಿನ್ನಬೇಕು, ಅಷ್ಟೇ. ಯಾರು ಯಾರನ್ನು ಹೊಡೆದರು ಎಂಬುದನ್ನು ಓದಿ ತಿದ್ದುವ ಕೆಲಸ ಮುಗಿಯಿತೆಂಬ ನೆಮ್ಮದಿಯಲ್ಲಿದ್ದೆ. ಆ ಸಲದ ಲೇಖನಕ್ಕೆ ಚಿತ್ರದುರ್ಗದ ಕೋಟೆ, ಹಿರಿಯೂರಿನ ಡ್ಯಾಮು, ಹೊಳಲ್ಕೆರೆಯ ದೊಡ್ಡ ಗಣಪ ಆಗಿದ್ದವು. ಹೊಸದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಉಳಿದಿದ್ದವು. ಕ್ಯಾಮೆರಾದ ಬ್ಯಾಟರಿ ಗಣಪನ ಮುಂದೆಯೇ ಮುಗಿದಿತ್ತು.

ಹೋಟೆಲಿನ ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಊಟದ ಹೊತ್ತಿನಲ್ಲಿ ಮೇಜುಗಳೆಲ್ಲ ಖಾಲಿ. ಗೋಡೆಯ ಉದ್ದಕ್ಕೂ ಹಲಗೆಯ ಮೇಲೆ ಸ್ಟೀಲ್ ತಟ್ಟೆ, ಸ್ಟೀಲ್ ಲೋಟಗಳನ್ನು ಬೋರಲು ಹಾಕಿಟ್ಟಿದ್ದರು. ಈಗಿನ ಕಾಲದ ಯಾವ ಹೋಟೆಲಿನಲ್ಲೂ ಅಷ್ಟು ಸ್ಟೀಲ್ ಕಾಣುವುದಿಲ್ಲ. ಎಲ್ಲ ಕಡೆ ಪೇಪರ್ ಲೋಟ, ಪೇಪರ್ ತಟ್ಟೆ. ಗಲ್ಲಾದಲ್ಲಿ ಸೆರಗು ಸಿಕ್ಕಿಸಿಕೊಂಡು ಕೂತಿದ್ದ ನಡುವಯಸ್ಸಿನ ಹೆಂಗಸು ನನ್ನನ್ನು ನೋಡಿದ್ದೇ, “ಪಾರ್ಸಲ್ ಇಲ್ರಿ,” ಎಂದಳು.

“ಕೂತು ಉಣ್ಣೋಕೇ ಬಂದೆ.”

ಆಕೆ ಎದ್ದು ನಿಂತಳು. ಅಡುಗೆಮನೆಯ ಕಡೆ ತಿರುಗಿ, “ಲೇ, ಒಬ್ರು ಕುಂತ್ರು ಕಣೇ!” ಎಂದು ಕೂಗಿದಳು. ಮುದ್ದೆ ತಿರುವುವ ಕೋಲು ಕೈಯಲ್ಲೇ ಹಿಡಿದು ಆಕೆಯ ನಾದಿನಿ ಓಡಿಬಂದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, “ಊರೋರಲ್ಲ ಬಿಡತ್ಲಾಗೆ,” ಎಂದು ವಾಪಸ್ ಹೋದಳು.

ಮುದ್ದೆ ಬರುವ ತನಕ ವಿಚಾರಣೆ ನಡೆಯಿತು. ಯಾವೂರು, ಏನು ಕೆಲಸ. ಆಮೇಲೆ, “ಮನೆದೇವ್ರು ಯಾವ್ದ್ರಿ ಅಕ್ಕಾರೆ?”

ನಮ್ಮ ಕಡೆ ಜಾತಿ ಕೇಳುವ ಮರ್ಯಾದೆಯ ದಾರಿ ಇದು. ಮನೆದೇವರು ಗೊತ್ತಾದರೆ ಅರ್ಧ ಗೊತ್ತಾಯಿತು. ಉಳಿದರ್ಧವನ್ನು ‘ಹಬ್ಬಕ್ಕೆ ಏನ್ ಅಡಿಗೆ ಮಾಡ್ತೀರಿ’ ಎಂದು ಕೇಳಿ ತಿಳಿದುಕೊಳ್ಳುತ್ತಾರೆ. ನಾನು ಜಾರಿಕೊಂಡೆ. “ಅದೆಲ್ಲ ನಮ್ಮತ್ತೆಗೆ ಗೊತ್ತು. ನನಗೆ ಮರೆತೇಹೋಗಿದೆ.”

“ಹಂಗಾದ್ರೆ ದೊಡ್ಡ ಜಾತಿನೇ ಇರ್ಬೇಕು. ನಮ್ಮಂಥೋರಿಗೆ ಹಿಂಗೆ ಮರೆಯಕ್ಕೆ ಯಾರೂ ಬಿಡಲ್ಲ,” ಎಂದು ಆಕೆ ನಕ್ಕಳು. ನಾನು ಮಾತು ಬದಲಿಸಿ, ಕ್ಯಾಮೆರಾ ಚಾರ್ಜಿಗೆ ಹಾಕಬಹುದೇ ಎಂದು ಕೇಳಿದೆ.

“ಕರೆಂಟಿಲ್ಲ. ಸಂಜೀಗೆ ಬರ್ತೈತೆ. ಏನ್ರಿ ಅದು, ಟಿವಿಯೋರಾ ನೀವು?”

“ಪೇಪರು. ಆದ್ರೆ ನಾನು ಬರೆಯೋದು ಬರೀ ಪ್ರವಾಸದ್ದು...”

“ಪೇಪರ್ರಾ!” ಎಂದಳು. ಆಮೇಲಿನ ಮಾತು ಆಕೆಯ ಕಿವಿಗೆ ಬೀಳಲಿಲ್ಲ, ಅಥವಾ ಆಕೆ ಬೀಳಿಸಿಕೊಳ್ಳಲಿಲ್ಲ.

ಬಿಸಿ ಮುದ್ದೆ, ಹುರುಳಿಕಾಳಿನ ಬಸ್ಸಾರು, ಈರುಳ್ಳಿ, ಅರ್ಧ ನಿಂಬೆಹಣ್ಣು ಬಂದವು. ಇಂಥ ಸಾರಿರುವ ಹೋಟೆಲು ಖಾಲಿ ಇರುವುದು ನನಗೆ ಅರ್ಥವಾಗಲಿಲ್ಲ. ಕೇಳಿದೆ. ಆಕೆ ಎದುರಿನ ಬೆಂಚಿನಲ್ಲಿ ಕೂತು ಹೇಳಿದಳು.

“ಖಾಲಿ ಎಲ್ಲೈತ್ರಿ? ಇಡೀ ಊರು ನನ್ನ ಕೈ ಊಟನೇ ಉಣ್ಣೋದು. ಆದ್ರೆ ಇಲ್ಲಲ್ಲ. ಕವರ್‌ನಾಗೆ ಕಟ್ಟಿಸ್ಕಂಡು ಹೋಗ್ತಾರೆ. ಎದ್ರುಗಡೆ ಗೊಬ್ಬರದಂಗಡಿ ಅಣ್ಣ ಯೂರಿಯಾ ಚೀಲದ ಮ್ಯಾಲೆ ಕುಂತು ಉಣ್ತಾನೆ. ಕಟಿಂಗ್ ಶಾಪಿನೋನು ಶಟರ್ ಅರ್ಧ ಎಳ್ಕಂಡು ಉಣ್ತಾನೆ. ನಾವು ಕಾಲೊನಿಯೋರು ಅಲ್ವಾ. ನಾನು ಬೇಯಿಸಿದ್ದು ಹೊಟ್ಟೆಗೆ ಹೋದ್ರೆ ಏನೂ ಆಗಲ್ಲ, ನನ್ನ ಬೆಂಚಿನ ಮ್ಯಾಲೆ ಕುಂತ್ರೆ ಮಾತ್ರ ಕೆಟ್ಟೋಗ್ತಾರೆ.”

ಕಾಲೊನಿ ಎಂದರೆ ಊರಾಚೆಯ ದಲಿತರ ಕೇರಿ ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

“ಮತ್ತೆ ಪಾರ್ಸಲ್ ಯಾಕೆ ನಿಲ್ಲಿಸಿದಿರಿ? ವ್ಯಾಪಾರ ಚೆನ್ನಾಗೇ ಇತ್ತಲ್ಲ?”

“ನಾಯಿಯಿಂದ,” ಎಂದಳು.

ಆ ಕಟ್ಟಡದ ಮಾಲೀಕರು ಒಬ್ಬ ಮುದುಕರು, ಊರಿನ ಹಿರಿಯರು. ಹಿಂದೆ ಇದೇ ಜಾಗದಲ್ಲಿ ಅವರೇ ಹೋಟೆಲ್ ಇಟ್ಟಿದ್ದರು. ಬಾಡಿಗೆ ಯಾರ ಕೈಯಿಂದ ಬಂದರೂ ತೆಗೆದುಕೊಳ್ಳುವಷ್ಟು ವಿಶಾಲ ಮನಸ್ಸಿನವರು. ದಿನಾ ಮಧ್ಯಾಹ್ನ ಅವರೇ ಟಿಫಿನ್ ಕ್ಯಾರಿಯರ್ ಹಿಡಿದು ಬಂದು, ಹೊಸ್ತಿಲಾಚೆ ನಿಂತು, “ನಮ್ಮ ನಾಯಿಗೆ ಎರಡು ಮುದ್ದೆ, ಸಾರು” ಎನ್ನುತ್ತಿದ್ದರಂತೆ. ನಾಯಿಗೆ ಹುರುಳಿ ಬಸ್ಸಾರು ಇಷ್ಟ, ಸೊಪ್ಪಿನ ಸಾರು ಸೇರುವುದಿಲ್ಲ. ನಾಯಿಗೆ ನಿಂಬೆಹಣ್ಣು ಬೇಕು. ಏಕಾದಶಿಯ ದಿನ ನಾಯಿಗೆ ಏನೂ ಬೇಡ.

“ನಿನ್ನೆ ಬಂದು, ‘ನಾಯಿಗೆ ಮೊನ್ನೆ ಉಪ್ಪು ಕಮ್ಮಿ ಆತಂತೆ ಕಣವ್ವ’ ಅಂದ್ರು. ಆ ನಾಯಿ ಸತ್ತು ಎಷ್ಟು ಕಾಲ ಆತು ಅಕ್ಕಾರೆ! ಗುಂಡಿ ತೋಡಿ ಮುಚ್ಚಿದ್ದು ನಮ್ಮ ಮೈದುನ. ಇಷ್ಟು ದಿನ ನಗ್ತಾ ಕೊಟ್ಟೆ. ನಿನ್ನೆ ಮಾತ್ರ ಹೊಟ್ಟೇಲಿ ಬೆಂಕಿ ಬಿತ್ತು. ಪೇಂಟ್ರುನ ಕರೆಸಿ ಬೋರ್ಡ್ ಬರೆಸ್ದೆ.”

ನಗುತ್ತಲೇ ಹೇಳಿದಳು. ನಾನೂ ನಕ್ಕೆ. ಆಮೇಲೆ ಉಳಿದದ್ದನ್ನು ಹೇಳಿದಳು. ಅದನ್ನು ನಾನು ಆಕೆ ಹೇಳಿದ ಕ್ರಮದಲ್ಲೇ ಬರೆಯುತ್ತೇನೆ.

ಆಕೆ ಚಿಕ್ಕವಳಿದ್ದಾಗ ಈ ಹೋಟೆಲಿನ ಸೂರಿನ ಕೆಳಗೆ, ಹೊರಗಡೆ, ಮೊಳೆಗಳಿಗೆ ಕೆಲವು ಲೋಟ ನೇತುಹಾಕಿರುತ್ತಿದ್ದರು. ಕಾಲೊನಿಯವರು ಅದರಲ್ಲೇ ಚಾ ಕುಡಿಯಬೇಕು, ತಾವೇ ತೊಳೆಯಬೇಕು, ಮತ್ತೆ ಮೊಳೆಗೆ ಸಿಕ್ಕಿಸಬೇಕು. ಒಂದು ದಿನ ಆಕೆಯ ಅಪ್ಪ ಒಳಗೆ ಬಂದು, ಬೆಂಚಿನ ಮೇಲೆ ಕೂತು, ಒಳಗಿನ ಲೋಟದಲ್ಲಿ ಚಾ ಕೇಳಿದ. ಅವತ್ತು ದೀಪ ಹಚ್ಚುವ ಹೊತ್ತಿಗೆ ಕಾಲೊನಿಗೆ ಬೆಂಕಿ ಬಿತ್ತು. ಹೊರಗೆ ಬರಲಾಗದ ಆಕೆಯ ಅಜ್ಜಿ ಒಳಗೇ ಉಳಿದಳು. ಮಿಕ್ಕವರು ಓಡಿಹೋಗಿ ಹಿರಿಯೂರು ಸೇರಿದರು. ಆಕೆ ಅಲ್ಲೇ ಬೆಳೆದು, ಹೆದ್ದಾರಿ ಬದಿಯ ಊಟದ ಹೋಟೆಲೊಂದರಲ್ಲಿ ಅಡುಗೆ ಕಲಿತಳು. ಕೇಸು ನಡೆಯಿತು. ಹೋಟೆಲಿನ ಮಾಲೀಕರು, ಅಂದರೆ ಇದೇ ನಾಯಿಯ ಯಜಮಾನರು, ಸಾಕ್ಷಿಯ ಕಟಕಟೆ ಹತ್ತಿ, “ಕತ್ತಲಿತ್ತು, ಯಾರ ಮುಖವೂ ಕಾಣಲಿಲ್ಲ,” ಎಂದರು. ಉಳಿದವರೂ ಅದನ್ನೇ ಹೇಳಿದರು. ಇಡೀ ಕೇರಿ ಹೊತ್ತಿ ಉರಿಯುತ್ತಿದ್ದಾಗ ಈ ಊರಿನಲ್ಲಿ ಕತ್ತಲಿತ್ತು. ಎಲ್ಲರೂ ಖುಲಾಸೆಯಾದರು.

ಇಂಥ ಸುದ್ದಿಗೆ ಆ ಕಾಲದ ಪತ್ರಿಕೆಗಳಲ್ಲಿ ಒಂದೇ ತಲೆಬರಹ ಇರುತ್ತಿತ್ತು: ಎರಡು ಗುಂಪುಗಳ ಘರ್ಷಣೆ, ಪರಿಸ್ಥಿತಿ ಶಾಂತ. ಪರಿಸ್ಥಿತಿ ನಿಜಕ್ಕೂ ಶಾಂತವಾಗಿತ್ತು. ಆಮೇಲಾಮೇಲೆ ಪೇಪರ್ ಲೋಟ ಬಂತು. ಎಲ್ಲರಿಗೂ ಒಂದೇ ಲೋಟ, ಕುಡಿದು ಬಿಸಾಡಿದರೆ ಮುಗಿಯಿತು, ತೊಳೆಯುವ ಪ್ರಶ್ನೆಯೇ ಇಲ್ಲ. ಊರು ಬದಲಾಯಿತೆಂದು ಎಲ್ಲರೂ ಸಂತೋಷಪಟ್ಟರು. ಕೋಟೆಗೆ ಮುತ್ತಿಗೆ ಬಿದ್ದ ಕಥೆಯನ್ನು ಚಿತ್ರದುರ್ಗದ ಗೈಡು ನನಗೆ ಪಕ್ಕದಲ್ಲೇ ನಿಂತು ನೋಡಿದವರಂತೆ ಹೇಳಿದ್ದರು, ಶತ್ರು ಯಾವ ಕಿಂಡಿಯಲ್ಲಿ ತೂರಿದನೆಂಬುದನ್ನೂ ಸೇರಿಸಿ. ಇಲ್ಲಿ ಕಣ್ಣೆದುರೇ ನಡೆದದ್ದನ್ನು ಕೇಳಿದರೆ, “ಹಳೇ ಕಾಲದ್ದು ಬಿಡ್ರಿ” ಎನ್ನುತ್ತಾರೆ.

“ಅದಕ್ಕೇ, ಈ ಕಾಲೊನಿಗೇ ಸೊಸೆಯಾಗಿ ವಾಪಸ್ ಬಂದು ಈ ಹೋಟ್ಲು ಹಿಡ್ದಾಗ ನಾನು ಸ್ಟೀಲ್ ಲೋಟನೇ ಇಟ್ಟಿದ್ದು,” ಎಂದಳು. “ಒಬ್ರು ಕುಡಿದಿದ್ದು ತೊಳ್ದು ಇನ್ನೊಬ್ರಿಗೆ. ಅದೇ ನನ್ನ ಹಟ. ಈ ವಾರದಾಗೆ ಊರೋರು ಒಳಗೆ ಕುಂತ್ರೆ ಹೋಟ್ಲು ಉಳೀತೈತೆ. ಇಲ್ಲಾಂದ್ರೆ ಬಾಗ್ಲು ಹಾಕ್ಕಂಡು ಮತ್ತೆ ಹಿರಿಯೂರಿಗೇ ಹೋಗ್ಬೇಕು. ಆವಾಗ ಬೆಂಕಿ ಹಚ್ಚಿ ಓಡಿಸಿದ್ರು, ಈಗ ಕವರ್ ಹಿಡ್ಕಂಡು ಓಡಿಸ್ತಾರೆ.”

“ಯಾರಾದ್ರೂ ಬರ್ತಾರೆ ಬಿಡಿ.”

“ಯಾರಾದ್ರೂ ಬಂದ್ರೆ ಸಾಲ್ದು. ಆ ಯಜಮಾನ್ರು ಕುಂತ್ರೆ ಊರೇ ಕುಂತಂಗೆ.” ಆಮೇಲೆ ಕ್ಯಾಮೆರಾದ ಕಡೆ ನೋಡಿದಳು. “ಅಕ್ಕಾರೆ, ಒಂದು ಕೆಲ್ಸ ಮಾಡ್ರಿ. ಬಾಗ್ಲ ಹತ್ರದ ಮೇಜಿಗೆ ಬರ್ರಿ. ಅದನ್ನ ರಸ್ತೆ ಕಡೆ ಮುಖ ಮಾಡಿ ಇಡ್ರಿ.”

ವರದಿಗಾರರು ತಾವೇ ಸುದ್ದಿಯಾಗಬಾರದೆಂಬುದು ಸುದ್ದಿಮನೆಯ ಮೊದಲ ಪಾಠ. ನಾನು ಸುಳ್ಳು ಹೇಳುವುದಿಲ್ಲ ಎಂದೆ.

“ಸುಳ್ಳು ಹೇಳ್ರಿ ಅಂತ ಯಾರು ಅಂದ್ರು? ಮುದ್ದೆ ಉಣ್ರಿ, ಸಾಕು.”

ನಾನು ತಟ್ಟೆ ಎತ್ತಿಕೊಂಡು ಬಾಗಿಲ ಬಳಿ ಹೋಗಿ ಕೂತೆ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತಿತ್ತು ಎಂದು ದಾಖಲಿಸಬಹುದು. ಆಕೆ ಹೊಸ್ತಿಲಲ್ಲಿ ನಿಂತು ರಸ್ತೆಯಾಚೆ ಕೂಗಿದಳು.

“ಅಣ್ಣಾ! ಪೇಪರ್ನೋರು ಬಂದವ್ರೆ ಕಣಣ್ಣ! ನಮ್ಮೂರಾಗೆ ಯಾರ್ ಯಾರು ಕುಂತು ಉಣ್ತಾರೆ ಅಂತ ನೋಡ್ತಾ ಕುಂತವ್ರೆ!”

ಆ ಎರಡು ವಾಕ್ಯಗಳನ್ನು ಹಳೆಯ ಅಭ್ಯಾಸದಿಂದ ಮನಸ್ಸಿನಲ್ಲೇ ಪರಿಶೀಲಿಸಿದೆ. ತಿದ್ದುವಂಥ ತಪ್ಪು ಸಿಗಲಿಲ್ಲ.

ಗೊಬ್ಬರದಂಗಡಿಯ ಮಾಲೀಕರು ರಸ್ತೆ ದಾಟಿ ಬಂದು, ಹೊಸ್ತಿಲಾಚೆಯೇ ನಿಂತು, ಕ್ಯಾಮೆರಾಕ್ಕೆ ನಮಸ್ಕಾರ ಮಾಡಿ, ಆಮೇಲೆ ನನಗೆ ಮಾಡಿದರು.

“ಏನ್ ಮೇಡಂ, ಯಾವುದರ ಬಗ್ಗೆ ಬರೀತೀರಿ?”

“ಊಟದ ಬಗ್ಗೆ,” ಎಂದೆ.

“ಯಾರು ಊಟ ಮಾಡ್ತಾರೆ ಅಂತಾನಾ?”

“ನೋಡಿದ್ದನ್ನ ಬರೀತೀನಿ.”

ಅವರು ಅಂಗಡಿಯ ಕಡೆ ಒಮ್ಮೆ, ಬೋರ್ಡಿನ ಕಡೆ ಒಮ್ಮೆ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಪಕ್ಕದ ಕಟಿಂಗ್ ಶಾಪಿಗೂ ಕೇಳುವಂತೆ, “ನಮ್ಮೂರಲ್ಲಿ ಅಂಥದ್ದೆಲ್ಲ ಏನಿಲ್ಲ ಮೇಡಂ! ನಾನು ದಿನಾ ಇಲ್ಲೇ ಊಟ ಮಾಡೋದು!” ಎಂದು ಒಳಗೆ ಬಂದರು.

“ಹೌದ್ರಿ, ದಿನಾ ಇಲ್ಲೇ,” ಎಂದು ಗಲ್ಲಾದಿಂದ ಆಕೆ ದನಿಗೂಡಿಸಿದಳು. “ನಮ್ಮ ಯೂರಿಯಾ ಟೇಬಲ್ನಾಗೆ.”

ಅವರು ಕೂತರು. ಕಟಿಂಗ್ ಶಾಪಿನವನು, “ನಾನೂ ದಿನಾ ಇಲ್ಲೇ ಉಣ್ಣೋದು,” ಎನ್ನುತ್ತ ಅರ್ಧ ಗಡ್ಡ ಬೋಳಿಸಿದ ಗಿರಾಕಿಯನ್ನೂ ಕರೆದುಕೊಂಡು ಬಂದ. ಮೊಬೈಲ್ ಅಂಗಡಿಯ ಹುಡುಗ ಬಂದ. ಅವನು ಕೂತ ಮೇಲೆ ಎದ್ದು, “ಮೇಡಂ, ಈ ಕಡೆಯಿಂದ ನಾನು ಚೆನ್ನಾಗಿ ಕಾಣ್ತೀನಿ,” ಎಂದು ಜಾಗ ಬದಲಿಸಿದ. ಗೊಬ್ಬರದಂಗಡಿಯವರು ಸ್ಟೀಲ್ ಲೋಟವನ್ನು ದೇವಸ್ಥಾನದ ಮಂಗಳಾರತಿಯಂತೆ ಎತ್ತಿ ಹಿಡಿದು, ನಿಧಾನವಾಗಿ, ಎಲ್ಲ ಪತ್ರಿಕೆಗಳಿಗೂ ಸಾಕಾಗುವಷ್ಟು ಹೊತ್ತು ನೀರು ಕುಡಿದರು. ಸತ್ತ ಕ್ಯಾಮೆರಾ ಅದನ್ನೆಲ್ಲ ನೋಡುತ್ತಿತ್ತು. ಯಾರೂ ನನ್ನನ್ನು ಫೋಟೊ ತೆಗೆದಿರಾ ಎಂದು ಕೇಳಲಿಲ್ಲ, ಕೇಳಿದ್ದರೆ ಹೇಳುತ್ತಿದ್ದೆ.

ಮೊದಲ ತುತ್ತು ಮರ್ಯಾದೆಗೆ ಹೋಯಿತು. ಆಮೇಲೆ ಬಿಸಿ ಮುದ್ದೆ ತನ್ನ ಕೆಲಸ ಮಾಡಿತು. ಕವರಿನಲ್ಲಿ ಬೆವೆತು ತಣ್ಣಗಾದ ಮುದ್ದೆಯನ್ನೇ ತಿಂದು ರೂಢಿಯಾದವರು ಮೊದಲ ಸಲ ಹಬೆಯಾಡುವುದನ್ನು ನುಂಗುತ್ತಿದ್ದರು. “ಏನಪ್ಪ ಇದು, ಇಲ್ಲಿ ರುಚಿನೇ ಬೇರೆ ಐತೆ!” ಎಂದ ಕಟಿಂಗ್ ಶಾಪಿನವನು, ದಿನಾ ಇಲ್ಲೇ ಉಣ್ಣುವವನೆಂದು ಆಗಷ್ಟೇ ಹೇಳಿದ್ದನ್ನು ಮರೆತು.

ಆಕೆ ಮಾತ್ರ ಬಾಗಿಲ ಕಡೆಯೇ ನೋಡುತ್ತಿದ್ದಳು.

ಟಿಫಿನ್ ಕ್ಯಾರಿಯರಿನ ಸದ್ದು ಮೊದಲು ಬಂತು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ತೆಳ್ಳಗಿನ ಎತ್ತರದ ಮುದುಕರು. ಬೋರ್ಡನ್ನು ಓದಿ ಮುಗಿಸಿ, ಓದದವರಂತೆ ಕ್ಯಾರಿಯರ್ ಮುಂದೆ ಚಾಚಿದರು.

“ನಾಯಿಗೆ ಎರಡು ಮುದ್ದೆ ಹಾಕವ್ವ.”

ಒಳಗೆ ಅಗಿಯುವ ಸದ್ದು ನಿಂತಿತು.

“ಪಾರ್ಸಲ್ ನಿಲ್ಸೀನಿ ಯಜಮಾನ್ರೆ,” ಎಂದಳು ಆಕೆ. “ನಾಯಿನೇ ಕರ್ಕಂಡು ಬರ್ರಿ. ಇಲ್ಲೇ ಸ್ಟೀಲ್ ತಟ್ಟೇಲಿ ಹಾಕ್ತೀನಿ. ನಮ್ಮ ಹೋಟ್ಲಾಗೆ ನಾಯಿ ಅಂತ ಭೇದ ಇಲ್ಲ.”

ಕಟಿಂಗ್ ಶಾಪಿನವನಿಗೆ ಸಾರು ನೆತ್ತಿಗೇರಿತು. ಮುದುಕರು ಒಳಗಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದರು. ಕೊನೆಗೆ ಮೇಜಿನ ಮೇಲಿದ್ದ ಕ್ಯಾಮೆರಾವನ್ನು ನೋಡಿ, ಸ್ವಲ್ಪ ಬಗ್ಗಿ, “ಇದರಾಗೆ ಜೀವ ಇಲ್ಲ,” ಎಂದರು. ನಾನು ಹೌದೆಂದೆ. ಅವರು ಖಾಲಿ ಕ್ಯಾರಿಯರ್ ಹಿಡಿದು ಹೊರಟುಹೋದರು.

ಗೊಬ್ಬರದಂಗಡಿಯವರು ಬೇಗ ಬೇಗ ಕೈ ತೊಳೆಯಲು ಎದ್ದರು. ಮುಖದಲ್ಲಿ ಭಯವಿತ್ತು, ಕ್ಯಾಮೆರಾದ ಭಯವಲ್ಲ. ಆಕೆ ಗಲ್ಲಾದ ಮೇಲೆ ಕೈಯಿಟ್ಟು ನಿಂತಿದ್ದಳು. “ಹೋದ್ರಲ್ಲ,” ಎಂದು ನಾದಿನಿ ಅಡುಗೆಮನೆಯಿಂದ ಮೆಲ್ಲಗೆ ಹೇಳಿದಳು. “ಹೋದ್ರೆ ಹೋಗ್ಲಿ, ಒಲೆ ನೋಡು,” ಎಂದಳು ಆಕೆ. ದನಿಯಲ್ಲಿ ತಮಾಷೆ ಇರಲಿಲ್ಲ. ಹೊರಗೆ ಕಂಡಕ್ಟರ್ ಸೀಟಿ ಊದಿದ. ಮೆಕ್ಯಾನಿಕ್ ಬಂದು ಚಕ್ರ ಕೂರಿಸಿಯಾಗಿತ್ತು. ನಾನು ಇನ್ನೊಂದು ಮುದ್ದೆ ಹೇಳಿದೆ. ಹೊಟ್ಟೆಯಲ್ಲಿ ಜಾಗವಿರಲಿಲ್ಲ.

ಆ ಮುದ್ದೆ ಅರ್ಧ ಮುಗಿದಿರಬೇಕು, ಮುದುಕರು ವಾಪಸ್ ಬಂದರು. ಕೈಯಲ್ಲಿ ಕ್ಯಾರಿಯರ್ ಇರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಯಾರ ಮುಖವನ್ನೂ ನೋಡದೆ ಒಳಗೆ ಬಂದು, ಎಲ್ಲಕ್ಕಿಂತ ಹಿಂದೆ, ಗೋಡೆ ಮೂಲೆಯ ಬೆಂಚಿನಲ್ಲಿ ಕೂತರು. ಹಸಿವೋ, ಎದುರಿನವರೆಲ್ಲ ಕೂತಿದ್ದನ್ನು ನೋಡಿದ ಹೊಟ್ಟೆಕಿಚ್ಚೋ, ಇನ್ನೇನೋ.

ಆಕೆ ತಟ್ಟೆ ಹಿಡಿದು ಹೋದಳು. ಇಡಲಿಲ್ಲ.

“ಅಲ್ಲಿ ಬ್ಯಾಡ್ರಿ ಯಜಮಾನ್ರೆ. ಕರೆಂಟಿಲ್ಲ, ಆ ಮೂಲೆ ಬರೀ ಕತ್ಲೆ. ಯಾರ ಮುಖನೂ ಕಾಣಲ್ಲ.”

ಬೆಂಕಿ ಬಿದ್ದಾಗ ಇನ್ನೂ ಹುಟ್ಟಿರದ ಮೊಬೈಲ್ ಅಂಗಡಿಯ ಹುಡುಗನೊಬ್ಬನನ್ನು ಬಿಟ್ಟು ಉಳಿದವರೆಲ್ಲ ತಟ್ಟೆ ನೋಡುತ್ತ ಕೂತರು. ಮುದುಕರು ಎದ್ದರು. ಹೊರಗೆ ಹೋಗುತ್ತಾರೆಂದೇ ನಾನು ತಿಳಿದೆ. ಬಾಗಿಲ ತನಕ ಬಂದವರು ನನ್ನ ಮೇಜಿನ ಎದುರು ಬೆಂಚಿನಲ್ಲಿ ಕೂತರು. ರಸ್ತೆಯ ಬಿಸಿಲು ಅವರ ಮುಖದ ಮೇಲೆ ನೇರ ಬೀಳುತ್ತಿತ್ತು. ಬಸ್ಸಿನಲ್ಲಿದ್ದವರಿಗೂ ಕಾಣುತ್ತಿತ್ತು.

ಆಕೆ ತಟ್ಟೆ ಇಟ್ಟು ಮುದ್ದೆ ಹಾಕಿದಳು. ಅವರು ಅದನ್ನು ಮುಟ್ಟದೆ, ತಟ್ಟೆಗೆ ಹೇಳುವಂತೆ ಹೇಳಿದರು.

“ಅವತ್ತು ಕತ್ಲೆ ಇರ್ಲಿಲ್ಲ ಕಣವ್ವ.”

“ಗೊತ್ತೈತೆ,” ಎಂದಳು ಆಕೆ. “ಸಾರು ಹಾಕ್ಲಾ?”

“ಹಾಕು.” ಒಂದು ತುತ್ತು ನುಂಗಿದರು. ಇನ್ನೊಂದು ನುಂಗಿದರು. ಆಮೇಲೆ ತಲೆಯೆತ್ತದೆ, “ನಿಂಬೆಹಣ್ಣು?”

“ಯಾರಿಗ್ರಿ, ನಾಯಿಗಾ?”

“ನಂಗೇ ಕಣವ್ವ, ನಂಗೆ! ಕೊಡು ಅತ್ಲಾಗೆ.”

ಕಟಿಂಗ್ ಶಾಪಿನವನು ಮೊದಲು ನಕ್ಕ. ಆಮೇಲೆ ಯಾರು ನಗಲಿಲ್ಲ ಎಂದು ಹೇಳುವುದು ಕಷ್ಟ.

ಊಟ ಮುಗಿಸಿ ಮುದುಕರು ನೀರು ಕುಡಿದು, ಲೋಟ ಹಿಡಿದು ನಲ್ಲಿಯ ಕಡೆ ಹೊರಟರು. ತೊಳೆಯಲು. ಆಕೆ ಅಡ್ಡ ನಿಂತು ಲೋಟ ಕಿತ್ತುಕೊಂಡಳು.

“ಇಲ್ಲಿ ಕುಡಿದೋರು ಲೋಟ ತೊಳೆಯೋ ಪದ್ಧತಿ ಇಲ್ಲ,” ಎಂದಳು. ಅದನ್ನು ತಾನೇ ತೊಳೆದು, ಹಲಗೆಯ ಮೇಲಿನ ಸಾಲಿನಲ್ಲಿ ಬೋರಲು ಹಾಕಿದಳು. ನನ್ನನ್ನು ಕರೆಯಲು ಬಂದಿದ್ದ ಕಂಡಕ್ಟರ್ ಅದೇ ಲೋಟ ಎತ್ತಿಕೊಂಡು ಬಕೆಟ್ಟಿನಿಂದ ನೀರು ತುಂಬಿ ಗಟಗಟನೆ ಕುಡಿದ. ಅವನಿಗೆ ಏನೂ ಗೊತ್ತಿರಲಿಲ್ಲ. “ಬರ್ರಿ ಮೇಡಂ, ಹೋಗಾಣ.”

ದುಡ್ಡು ಕೊಡಲು ಹೋದಾಗ ಆಕೆ ಕೈಮುಗಿದಳು, ಆದರೆ ದುಡ್ಡು ತೆಗೆದುಕೊಂಡಳು. “ಊರಿನ ಹೆಸ್ರು ಮಾತ್ರ ಹಾಕ್ಬೇಡ್ರಿ ಅಕ್ಕಾರೆ. ಪೇಪರ್ನಾಗೆ ಹೆಸ್ರು ಬಂದ್ರೆ ಸಂಜೀಗೆ ಪೊಲೀಸ್ ಜೀಪ್ ಬಂದು ನಿಲ್ತೈತೆ. ಜೀಪ್ ನಿಂತ್ರೆ ಊಟಕ್ಕೆ ಯಾರೂ ಬರಲ್ಲ.”

ಹಾಕಿಲ್ಲ. ಪುರವಣಿಯಲ್ಲಿ ಕೋಟೆ, ಡ್ಯಾಮು, ಗಣಪ, ಗಾಳಿಯಂತ್ರ ಬಂದವು. ‘ಏನು ತಿನ್ನಬೇಕು’ ಎಂಬಲ್ಲಿ, ಹೊಳಲ್ಕೆರೆ–ಹೊಸದುರ್ಗ ರಸ್ತೆಯ ಒಂದು ಹೋಟೆಲಿನಲ್ಲಿ ಮುದ್ದೆ, ಹುರುಳಿ ಬಸ್ಸಾರು ಚೆನ್ನಾಗಿರುತ್ತದೆ, ಪಾರ್ಸಲ್ ಸಿಗುವುದಿಲ್ಲ ಎಂದು ಬರೆದೆ.